ಮೇಜಿನ ಕೆಳಗಿನ ಹಕ್ಕಿ

"ಮೊಣಕೈ ತೆಗಿ! ನನ್ನ ಹಕ್ಕಿ ಬಾಲದ ಮೇಲೇ ಇಟ್ಟಿದ್ದೀಯಾ!"

"ನಿನ್ನ ಹಕ್ಕಿ ನನ್ನ ಲೆಕ್ಕದ ಪುಸ್ತಕದ ಮೇಲೆ ಕೂತಿದೆಯಲ್ಲ, ಮೊದಲು ಅದನ್ನ ಓಡ್ಸು" ಎಂದ ಅಣ್ಣ.

ಮನೆಯಲ್ಲಿ ಇದ್ದದ್ದು ಒಂದೇ ಮೇಜು. ಅಣ್ಣನಿಗೆ ನಾಳೆ ಗಣಿತದ ಟೆಸ್ಟ್. ತಂಗಿ ನಾಳೆ ಬೆಳಿಗ್ಗೆಯೇ ಮಳೆಕಾಡಿನ ಚಾರ್ಟ್ ಕೊಡಬೇಕು. ಕೊಡದಿದ್ದರೆ ಕ್ಲಾಸಿನ ಗೋಡೆಯ ಮೇಲೆ ಎಲ್ಲರ ಚಾರ್ಟೂ ಇರುತ್ತದೆ, ಅವಳದು ಮಾತ್ರ ಇರುವುದಿಲ್ಲ. ತಂಗಿಯ ಅಡ್ಡಹೆಸರು ಮೆಣಸಿನಕಾಯಿ. ಪಾಪ, ಕೋಪ ಮೂಗಿನ ತುದಿಯಲ್ಲೇ ಇದ್ದರೆ ಅವಳಾದರೂ ಏನು ಮಾಡಿಯಾಳು?

ಅಣ್ಣ ಚಾರ್ಟಿನತ್ತ ಕತ್ತು ಚಾಚಿದ. "ಇದೇನೇ, ಒಂದೇ ಹಕ್ಕಿನ ಮೂರು ಸಲ ಬರೆದಿದ್ದೀಯಾ?"

"ಮೂರೂ ಬೇರೆ ಬೇರೆ! ಅಮ್ಮನೇ ಹೇಳಿದ್ದು. ನೋಡೋಕೆ ಮಾತ್ರ ಒಂದೇ ಥರ."

ಅಮ್ಮನ ಕೆಲಸವೇ ಮಳೆಕಾಡಿನಲ್ಲಿ ಹಕ್ಕಿ ಎಣಿಸುವುದು. ಕೆಸರು ಮೆತ್ತಿದ ಬೂಟನ್ನು ಬಾಗಿಲಲ್ಲೇ ಬಿಚ್ಚಿ ಒಳಗೆ ಬಂದವಳು ಚಾರ್ಟ್ ನೋಡಿ ನಕ್ಕೇಬಿಟ್ಟಳು.

"ಮೂರನ್ನೂ ಒಂದೇ ಕೊಂಬೆ ಮೇಲೆ ಕೂರಿಸಿದ್ದೀಯಲ್ಲೇ! ಮಧ್ಯದಲ್ಲಿ ಒಂದೇ ಒಂದು ಹುಳ. ಇವು ಊಟ ಮಾಡುತ್ವಾ, ಜಗಳ ಆಡುತ್ವಾ?"

"ನಮ್ಮ ಹಾಗೆ" ಎಂದು ಅಣ್ಣ ಕಿಸಕ್ಕನೆ ನಕ್ಕ. ಮೆಣಸಿನಕಾಯಿಯ ಕಣ್ಣು ತುಂಬಿಬಂತು. ಇಡೀ ಸಂಜೆ ಕೂತು ಬರೆದದ್ದೆಲ್ಲ ದಂಡ.

ಅಮ್ಮ ತನ್ನ ನೋಟ್‌ಬುಕ್ ತೆರೆದು ತೋರಿಸಿದಳು. ಮೊದಲನೇ ಕಾಲಂನಲ್ಲಿ ಹಕ್ಕಿಯ ಹೆಸರೂ ಇರಲಿಲ್ಲ, ಬಣ್ಣವೂ ಇರಲಿಲ್ಲ. ನೆಲದಿಂದ ಎಷ್ಟು ಎತ್ತರ ಎಂದಷ್ಟೇ ಇತ್ತು.

"ಇಂಥವನ್ನ ಕಂಡ ಕೂಡಲೆ ನಾನು ಬಣ್ಣ ನೋಡಲ್ಲ. ಎಲ್ಲಿ ಊಟ ಹುಡುಕ್ತಿದೆ ಅಂತ ನೋಡ್ತೀನಿ. ಇದು ಮರದ ತುದೀಲಿ, ಎಲೆ ಮೇಲಿನ ಹುಳ ಹಿಡಿಯುತ್ತೆ. ಇದು ತೊಗಟೆ ಸಂದಿಗೆ ಕೊಕ್ಕು ಹಾಕುತ್ತೆ. ಇದು ನೆಲದಲ್ಲೇ ಇದ್ದು ಒಣಗಿದೆಲೆ ಮಗುಚಿ ಹುಡುಕುತ್ತೆ."

"ಕೆಳಗಿರೋದಕ್ಕೆ ಬೇಜಾರಾಗಲ್ವಾ?"

"ಯಾಕೇ? ಅದರ ಹೊಟ್ಟೆ ತುಂಬೋ ಹುಳ ಎಲ್ಲ ಅಲ್ಲೇ ಇದ್ಯಲ್ಲ."

ಮೆಣಸಿನಕಾಯಿ ಮೂಗೊರೆಸಿಕೊಂಡು ಚಾರ್ಟ್ ಮಗುಚಿದಳು. ಹಿಂಬದಿ ಖಾಲಿ ಇತ್ತು. ಮೇಜಿನ ಮೇಲೆ ಅಣ್ಣನ ಪುಸ್ತಕ, ಸ್ಕೇಲು, ಎರಡೂ ಮೊಣಕೈ. ಅವಳು ಚಾರ್ಟ್ ಸುತ್ತಿಕೊಂಡು ಮೇಜಿನ ಕೆಳಗೆ ನುಸುಳಿದಳು. ಅಬ್ಬಾ, ಕಾಲು ಚಾಚುವಷ್ಟು ಜಾಗ!

ಸ್ವಲ್ಪ ಹೊತ್ತಿಗೆ ಅಣ್ಣನ ಮುಖ ತಲೆಕೆಳಗಾಗಿ ಇಣುಕಿತು. "ಏಯ್, ಅಲ್ಲೇನೇ ಮಾಡ್ತಿದ್ದೀಯಾ?"

"ಒಣಗಿದೆಲೆ ಮಗುಚ್ತಿದ್ದೀನಿ. ನೀನು ಮೇಲೇ ಇರು."

ಮುಖ ಮಾಯವಾಯಿತು. ಡ್ರಾಯರ್ ಎಳೆದ ಸದ್ದು ಕೇಳಿಸಿತು. ಆಮೇಲೆ ಒಂದು ಕೈ ಕೆಳಗಿಳಿಯಿತು. ಅದರಲ್ಲಿ ಕಂದು ಬಣ್ಣದ ಸ್ಕೆಚ್ ಪೆನ್ನು! ಬೆಳಗಿನಿಂದ ಅವಳು ಗೋಗರೆದರೂ ಅಣ್ಣ ಕೊಡದಿದ್ದ ಪೆನ್ನು.

"ಕ್ಯಾಪ್ ಹಾಕಿ ವಾಪಸ್ ಕೊಡು, ನೆಲದ ಹಕ್ಕಿ" ಎಂದ.

ಮೆಣಸಿನಕಾಯಿಗೆ ಯಾಕೋ ಕೋಪವೇ ಬರಲಿಲ್ಲ. ಅವಳು ಮೊದಲು ಬರೆದದ್ದು ನೆಲದ ಹಕ್ಕಿಯನ್ನೇ. ಅದರ ಹೊಟ್ಟೆ ತುಂಬಿದ್ದರಿಂದ ಸ್ವಲ್ಪ ದಪ್ಪಗೇ ಬರೆದಳು.