ಹಿಂದಿನ ಎಡಬಾಗಿಲು

ಆ ಹಳೇ ಕ್ಯಾಂಪರ್ ವ್ಯಾನ್ ಕೊಂಡ ಮೇಲೆ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ. ದಾಂಡೇಲಿಗೆ ಬರುವ ಪ್ರವಾಸಿಗರನ್ನು ಅದರಲ್ಲಿ ಸುತ್ತಾಡಿಸಿ ಬದುಕೋಣವೆಂದುಕೊಂಡಿದ್ದೆ. ಅದು ನಡುದಾರಿಯಲ್ಲೇ ನಿಂತುಬಿಡುತ್ತಿತ್ತು. ನಿಲ್ಲುವ ಮುಂಚೆ ಪ್ರತಿಸಲವೂ ಹಿಂದಿನ ಎಡಬಾಗಿಲಿನ ತಗಡಿಗೆ ಯಾರೋ ಅಂಗೈಯಿಂದ ಒಮ್ಮೆ ಬಡಿದಂತೆ ಸದ್ದಾಗುತ್ತಿತ್ತು.

ಪಂಪು, ಫಿಲ್ಟರು, ಬ್ಯಾಟರಿ ಎಲ್ಲ ಬದಲಾಯಿಸಿ ಸಾಕಾಗಿ, ಕಡೆಗೆ ಸಾಂಬ್ರಾಣಿ ಎಂಬ ಊರಿನ ಮೆಕ್ಯಾನಿಕ್ ಥಾವರೆಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳಿಯಾಳದ ಕಡೆ ಹೊರಟೆ. ಹಿಂದೆ ಯಾರೂ ಇರಲಿಲ್ಲ. ಸದ್ದು ಬಂತು. ವ್ಯಾನ್ ನಿಂತಿತು.

“ಇಂಜಿನ್ ಚಲೋನ ಐತ್ರಿ ಅಣ್ಣಾ. ಬ್ರೇಕ್ ಒತ್ತಿ ಬಂದ್ ಮಾಡಿದವರು ನೀವ,” ಎಂದ ಥಾವರೆಪ್ಪ.

ಬಗ್ಗಿ ನೋಡಿದೆ. ನನ್ನ ಕಾಲು ಬ್ರೇಕಿನ ಮೇಲೇ ಇತ್ತು. ವರ್ಷಗಟ್ಟಲೆ ಲಾರಿ ಓಡಿಸಿದವನು ನಾನು. ಹಿಂದಿನಿಂದ ಕ್ಲೀನರ್ ಒಮ್ಮೆ ಬಡಿದರೆ ನಿಲ್ಲಿಸಬೇಕು, ಎರಡು ಸಲ ಬಡಿದರೆ ಹೊರಡಬೇಕು. ಅದನ್ನು ಕಾಲು ಮರೆತಿರಲಿಲ್ಲ.

“ತಗಡ ಸಡ್ಲ ಆಗಿರಬೇಕ್ರಿ. ಇಂಜಿನ್ ಮತ್ತ ಚಾಲೂ ಮಾಡಿ ಇಡ್ರಿ, ಸಪ್ಪಳ ಎಲ್ಲಿಂದ ಬರತೈತಿ ನೋಡತೇನಿ,” ಎಂದು ಅವನು ಇಳಿದು ವ್ಯಾನಿನ ಕೆಳಗೆ ತೂರಿದ.

ಏಪ್ರಿಲ್ ತಿಂಗಳ ಮಧ್ಯಾಹ್ನ. ಸ್ಟೇರಿಂಗ್ ಮುಟ್ಟಿದರೆ ಕೈ ಸುಡುತ್ತಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದರೂ ಹಿಂದಿನಿಂದ ನನ್ನ ಕುತ್ತಿಗೆಗೆ ತಣ್ಣನೆ ಗಾಳಿ ತಾಗುತ್ತಿತ್ತು. ತಿರುಗಿ ನೋಡುವಷ್ಟೂ ತ್ರಾಣವಿರಲಿಲ್ಲ. ಕಣ್ಣು ತಾನಾಗಿ ಮುಚ್ಚಿತು.

ಎಡಬಾಗಿಲಿಗೆ ಎರಡು ಸಲ ಬಡಿದ ಸದ್ದಾಯಿತು.

ಎಚ್ಚರವಾಗುವಷ್ಟರಲ್ಲಿ ನಾನು ಗೇರ್ ಹಾಕಿ ಹ್ಯಾಂಡ್‌ಬ್ರೇಕ್ ಇಳಿಸಿದ್ದೆ. ಕ್ಲಚ್ ಮೇಲಿನ ಕಾಲು ಅರ್ಧ ಎದ್ದಿತ್ತು.

ಕೆಳಗಿನಿಂದ ಥಾವರೆಪ್ಪ ಚೀರಿದ:

“ಬಿಡಬ್ಯಾಡ್ರಿ ಅಣ್ಣಾ! ಹಿಂದ ಯಾರ ಕುಂತಾರ? ನಾ ಇನ್ನೂ ಕೆಳಗ ಅದೇನಿ ಅಂತ ಅವರಿಗೆ ಹೇಳ್ರಿ!”