ಡಿಸ್ಕಿನೊಳಗಿನ ಸೀರೆ

ಪತ್ರಿಕೆಯೊಂದಕ್ಕೆ ನಾನು ಹಳೇ ಸಿನಿಮಾಗಳ ಬ್ಲೂ-ರೇ ವಿಮರ್ಶೆ ಬರೆಯುತ್ತೇನೆ. ದೇವನಹಳ್ಳಿಯ ವಿಮಾನಗಳು ನಮ್ಮ ದೊಡ್ಡಬಳ್ಳಾಪುರದ ಮೇಲೆ ಹಾರತೊಡಗಿದ ವರ್ಷ, ಹೊಸದಾಗಿ ಶುಚಿಗೊಳಿಸಿದ ಕಪ್ಪು-ಬಿಳುಪು ಥ್ರಿಲ್ಲರ್ ಒಂದು ಬಂತು. ಗೀರಿಲ್ಲ, ಗರಗರ ಸದ್ದಿಲ್ಲ. ಕೊಲೆಗಾರ ಅಡಗುವ ದೃಶ್ಯವನ್ನು ನಮ್ಮೂರಿನ ಮಗ್ಗದ ಮನೆಯಲ್ಲೇ ತೆಗೆದಿದ್ದರು. ಅಲ್ಲೊಬ್ಬ ನೇಕಾರ, ಕಿತ್ತುಹೋದ ಎಳೆಗೆ ಎಂಜಲು ಹಚ್ಚಿ ಎಡಗೈಯಲ್ಲೇ ಗಂಟು ಹಾಕಿದ. ನಾನೂ ಅಮ್ಮನೂ ಕೂತಿದ್ದ ಕೋಣೆಯಲ್ಲಿ ನೂಲಿಗೆ ಹಚ್ಚುವ ಗಂಜಿಯ ವಾಸನೆ ಬಂತು.

"ನಿಮ್ಮಪ್ಪ ಕಣೋ! ಪುಣ್ಯಾತ್ಮರು, ತೋರಿಸ್ಬಿಟ್ರು," ಎಂದು ಅಮ್ಮ ಟೀವಿಗೇ ಕೈಮುಗಿದಳು. ಅವಳಿಗೆಂದು ನೇಯಲು ಹಿಡಿದ ಸೀರೆಯನ್ನು ಮಗ್ಗದ ಮೇಲೇ ಬಿಟ್ಟು, ನಾನು ಹುಟ್ಟುವ ಮೊದಲೇ ಅಪ್ಪ ತೀರಿಕೊಂಡಿದ್ದ. ಒಂದು ಫೋಟೋವೂ ಇರಲಿಲ್ಲ.

ವಿಮರ್ಶೆಯಲ್ಲಿ ಪೂರ್ತಿ ಅಂಕ ಕೊಟ್ಟು, ಅಪ್ಪನನ್ನು ತೋರಿಸಿದ್ದಕ್ಕೆ ಡಿಸ್ಕ್ ಕಂಪನಿಗೆ ಧನ್ಯವಾದ ಬರೆದೆ. "ಆ ದೃಶ್ಯದಲ್ಲಿ ಮಗ್ಗದ ಮುಂದೆ ಯಾರೂ ಇಲ್ಲ, ಸಾರ್," ಎಂದು ಉತ್ತರ ಬಂತು.

ಪ್ರತಿ ಶುಕ್ರವಾರ ಹಾಕಿ ನೋಡುತ್ತೇವೆ. ಪ್ರತಿ ಸಲವೂ ಅಪ್ಪನ ಮಗ್ಗದ ಮೇಲಿನ ಸೀರೆ ಗೇಣುದ್ದ ಬೆಳೆದಿರುತ್ತದೆ. ಮೊನ್ನೆ ಸೆರಗು ಶುರುವಾಗಿದೆ.

ಅಮ್ಮ ರವಿಕೆ ಹೊಲಿಯಲು ಕೊಟ್ಟಿದ್ದಾಳೆ.