ಸಂದಿಯಲ್ಲಿ ತೂರದ ಕವರ್

"ಇದು ಬಾಗಲ್ಲ," ಎಂದಳು ಪೋಸ್ಟಾಫೀಸಿನ ಕೌಂಟರಿನವಳು, ಅವನ ದೊಡ್ಡ ಕವರನ್ನು ಎರಡು ಕೈಯಲ್ಲೂ ಹಿಡಿದು. "ಬಾಗದಿದ್ರೆ ಪಾರ್ಸೆಲ್ ಲೆಕ್ಕ. ತಲುಪೋದು ನಿಧಾನ."

"ಒಳಗೆ ರಟ್ಟಿಟ್ಟಿದೀನಿ ಮೇಡಂ. ಫೋಟೊಗೆ ಫ್ರೇಮ್ ಹಾಕೋನು ನಾನು, ರಟ್ಟಿಲ್ಲದೆ ಕೈಯೇ ಓಡಲ್ಲ."

"ಜನ ಬಾಗದಿದ್ರೂ ನಡೆಯುತ್ತೆ, ಕವರ್ ಬಾಗಲೇಬೇಕು."

ಅವನು ನಕ್ಕ. ನಗು ಕೆಮ್ಮಿಗೆ ತಿರುಗಿತು. ಅವಳಿಗೆ ಕಂಡದ್ದು ಕೆನ್ನೆಯ ಗುಳಿ ಮಾತ್ರ.

ಮುಂದಿನ ವಾರ ರಟ್ಟು ತೆಗೆದು ತಂದ. ಒಳಗೊಂದು ಕ್ಲಿಪ್ಪು ಉಬ್ಬಿಕೊಂಡಿತ್ತು. "ದಪ್ಪ ಎಲ್ಲಾ ಕಡೆ ಒಂದೇ ಥರ ಇರಬೇಕು," ಎಂದು ವಾಪಸು ಕೊಟ್ಟಳು. ನಿಯಮ ನಿಯಮವೇ, ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ.

ಮೂರನೆಯ ಸಲ ತೂಕ ಸರಿಯಿತ್ತು, ಅಳತೆ ಸರಿಯಿತ್ತು. ಇನ್ನು ದಪ್ಪ ಅಳೆಯುವ ಮರದ ಹಲಗೆಯ ಸಂದಿಯಲ್ಲಿ ಕವರ್ ತೂರಿದರೆ ಕೆಲಸ ಮುಗಿಯಿತು. ಮುಗಿದರೆ ಇವನು ಮತ್ತೆ ಯಾಕೆ ಬರುತ್ತಾನೆ? ಅವಳು ಕವರನ್ನು ತುಸುವೇ ಓರೆ ಹಿಡಿದಳು.

"ಸಿಕ್ಕಿಹಾಕ್ಕೊಳ್ತು ನೋಡಿ. ಇನ್ನೂ ತೆಳ್ಳಗೆ ಮಾಡ್ಕೊಂಡು ಬನ್ನಿ."

ಅವನು ಸಂದಿ ನೋಡಿದ, ಅವಳ ಕೈ ನೋಡಿದ, ಆಮೇಲೆ ಕಣ್ಣು ನೋಡಿದ. "ಬರ್ತೀನಿ ಬಿಡಿ," ಎಂದ. ಬಾಗಿಲು ಹಿಡಿದು ತುಸು ಹೊತ್ತು ನಿಂತು ಮೆಟ್ಟಿಲಿಳಿದ. ನಿಂತದ್ದು ತನಗಾಗಿಯೇ ಎನಿಸಿತು ಅವಳಿಗೆ. ಪ್ರೀತಿ ಎಂದರೆ ಹೀಗೇ ಇರಬೇಕು ಎಂದುಕೊಂಡಳು.

ಮತ್ತೆ ಅವನು ಬರಲಿಲ್ಲ. ಬಾಗಿಲ ಸದ್ದಿಗೆಲ್ಲ ತಲೆಯೆತ್ತಿ ಅವಳ ಕತ್ತು ನೋಯುತ್ತಿದ್ದಾಗ ಅದೇ ಕವರ್ ಹಿಡಿದು ಬಂದವಳು ಅವನ ಅಕ್ಕ.

"ತಮ್ಮನ ಎಕ್ಸ್‌ರೇ ಕಣಮ್ಮ. ಇದನ್ನ ನೋಡದೆ ದೊಡ್ಡ ಡಾಕ್ಟರು ಆಪರೇಷನ್‌ಗೆ ಡೇಟೇ ಕೊಡಲ್ಲ. ಅವನಿಗೀಗ ಎದ್ದು ಕೂರೋಕೂ ಆಗ್ತಿಲ್ಲ."

ಈ ಸಲ ಅವಳು ಕವರನ್ನು ನೇರ ಹಿಡಿದಳು. ಕವರ್ ಬೆಣ್ಣೆಯಿಂದ ಕೂದಲು ತೆಗೆದಂತೆ ಸಂದಿ ದಾಟಿತು. ಸೀಲು ಹೊಡೆದು, ತಾನೇ ಚೀಲಕ್ಕೆ ಹಾಕಿ, ರಜೆ ಹೇಳಿ ಅಕ್ಕನ ಹಿಂದೆಯೇ ನಡೆದಳು.

ದಿಂಬಿಗೊರಗಿದ್ದವನ ಪಕ್ಕ ಕೂತು ಅತ್ತೇಬಿಟ್ಟಳು. "ಅವತ್ತು ಕವರ್ ತೂರ್ತಿತ್ತು. ನಾನೇ ಓರೆ ಹಿಡಿದೆ, ನಿಮ್ಮನ್ನ ಇನ್ನೊಂದ್ಸಲ ನೋಡೋ ಆಸೆಗೆ."

"ಗೊತ್ತು. ಅಂಗಡೀಲಿ ಅಂಥದೇ ಸಂದಿ ಕೊರೆದು, ತೂರಿಸಿ ನೋಡೇ ತಂದಿದ್ದೆ."

"ಮತ್ತೆ ಜಗಳ ಆಡಬೇಕಿತ್ತು ತಾನೇ!"

"ನನಗೂ ಇನ್ನೊಂದ್ಸಲ ಬರಬೇಕಿತ್ತು."

ಗುಳಿ ಮೂಡಿತು. ಹಿಂದೆಯೇ ಬಂದ ಕೆಮ್ಮು ಈ ಸಲ ಬೇಗ ನಿಲ್ಲಲಿಲ್ಲ. ಅವಳು ಬೆನ್ನು ನೀವಿದಳು, ಕೈ ಹಿಡಿದುಕೊಂಡಳು. ಕೈ ಕಾದಿತ್ತು. ಬೀದಿಯಲ್ಲಿ ಟಪಾಲು ವ್ಯಾನ್ ಹೋದ ಸದ್ದಾಯಿತು.

"ಟೈಮಿಗೆ ತಲುಪುತ್ತಾ ಮೇಡಂ?" ಎಂದ.

ಕೌಂಟರಿನಲ್ಲಿ ದಿನಾ ಎಲ್ಲರಿಗೂ "ತಲುಪುತ್ತೆ" ಎನ್ನುವವಳು ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.